ಗಾಜಿನಾಚೆಯ ಇತಿಹಾಸ ಕೈಗೂ ಎಟುಕಲಿ

ಸಿರುಗುಪ್ಪದ ನನ್ನ ಹಿರಿಯ ಮಿತ್ರರೊಬ್ಬರು ಮೂರು ದಶಕ ಶಾಲೆಯಲ್ಲಿ ಇತಿಹಾಸ ಕಲಿಸಿದವರು. ಮಕ್ಕಳನ್ನು ತೆಕ್ಕಲಕೋಟೆಯ ಗುಡ್ಡಕ್ಕೆ ಕರೆದೊಯ್ದು, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದ ನವಶಿಲಾಯುಗದ ನೆಲೆಯನ್ನು ತೋರಿಸುತ್ತಿದ್ದರು. ಮಧುಮೇಹದಿಂದ ಅವರ ದೃಷ್ಟಿ ಹೋದ ಮೇಲೆ ಒಮ್ಮೆ ಅವರೊಡನೆ ದೂರದ ಊರಿನ ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿದ್ದೆ. ಅವರ ಬೆರಳಿಗೆ ಸಿಕ್ಕಿದ್ದು ಗಾಜು ಮಾತ್ರ. ಫಲಕದಲ್ಲಿದ್ದ ಹೆಸರು, ಕಾಲಗಳನ್ನು ನಾನು ಓದಿದೆ. ‘ಆ ಕಲ್ಲುಕೊಡಲಿ ಎಷ್ಟು ತೂಗೀತು?’ ಎಂದರು ಮೇಷ್ಟ್ರು. ನನ್ನಲ್ಲಿ ಉತ್ತರವಿರಲಿಲ್ಲ.

ಕೆಲವು ದಿನಗಳ ನಂತರ ಕುರುಗೋಡಿಗೆ ಹೋದೆವು. ಹಳೆಯ ಗುಡಿಯೊಂದರ ಕಂಬವನ್ನು ಅವರು ಬಹಳ ಹೊತ್ತು ತಡವಿದರು. ಎಲ್ಲಿ ಉಳಿಯ ಗುರುತು ಉಳಿದಿದೆ, ಎಲ್ಲಿ ಕಲ್ಲು ನುಣುಪಾಗಿದೆ ಎಂದು ನನಗೇ ವಿವರಿಸಿದರು. ಕಣ್ಣಿದ್ದ ನಾನು ಅದನ್ನು ಗಮನಿಸಿರಲಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಕಲೆಯನ್ನು ಅವರಿಗೆ ನಿಲುಕುವಂತೆ ಮಾಡಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಅವು ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತೀರ್ಪಿತ್ತಿತು.

ಮುಟ್ಟಿದರೆ ಪ್ರಾಚೀನ ವಸ್ತುಗಳು ಹಾಳಾಗುತ್ತವೆ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಪರಿಹಾರ ಪ್ರತಿಕೃತಿಗಳು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿಯೇ ಸ್ಪರ್ಶಿಸಿ ಅರಿಯಬಹುದಾದ ಪ್ರತಿಕೃತಿಗಳ ‘ಅನುಭವ್’ ವಿಭಾಗವನ್ನು ತೆರೆಯಿತು.

ಬಳ್ಳಾರಿಗೆ ಇದು ಇನ್ನೂ ಸುಲಭ. ಸಂಗನಕಲ್ಲಿನ ಪ್ರಾಗಿತಿಹಾಸವನ್ನು ಪರಿಚಯಿಸುವ, ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಈ ನಗರದಲ್ಲಿದೆ. ಸಮೀಪದ ಕುಪ್ಪಗಲ್ಲಿನ ಗುಡ್ಡದಲ್ಲಿ, ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳಿವೆ. ಆ ನಾದದ ಧ್ವನಿಮುದ್ರಣವು ದೃಷ್ಟಿಯಿಲ್ಲದವರಿಗೆ ಯಾವ ಚಿತ್ರಕ್ಕಿಂತಲೂ ಹೆಚ್ಚನ್ನು ಹೇಳಬಲ್ಲದು. ನಮ್ಮ ಕಲ್ಲುಕುಟಿಗರು, ಕುಂಬಾರರು ಕೊಡಲಿ, ಮಡಕೆಗಳ ಪ್ರತಿಕೃತಿ ಮಾಡಿಕೊಡಬಲ್ಲರು. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ಸಿಗುವಷ್ಟು ತಗ್ಗಿನ ಪೆಟ್ಟಿಗೆಗಳು, ಇಳಿಜಾರು ದಾರಿ, ಬ್ರೈಲ್ ಫಲಕ, ಕಿವುಡರಿಗಾಗಿ ಸಂಜ್ಞಾಭಾಷೆಯ ವಿವರಣೆ ಇವೆಲ್ಲ ಅಸಾಧ್ಯವಾದ ವೆಚ್ಚದ ಮಾತಲ್ಲ. ಪ್ರದರ್ಶನದ ನಕ್ಷೆ ಬರೆಯುವ ಹೊತ್ತಿಗೇ ಅಂಗವಿಕಲರನ್ನು ಕೂರಿಸಿಕೊಂಡು ಕೇಳಿದರೆ, ಮುಂದೆ ಒಡೆದು ಕಟ್ಟುವ ಖರ್ಚೂ ಉಳಿದೀತು.

ನೂರಾರು ಮಕ್ಕಳಿಗೆ ಈ ನೆಲದ ಇತಿಹಾಸವನ್ನು ಪರಿಚಯಿಸಿದವರು ನಮ್ಮ ಮೇಷ್ಟ್ರು. ಅಂಥವರು ಗಾಜಿನ ಈಚೆ ಬರಿಗೈಯಲ್ಲಿ ನಿಲ್ಲುವಂತಾಗಬಾರದು. ಅವರ ಪ್ರಶ್ನೆಗೆ ಫಲಕದಲ್ಲಿ ಉತ್ತರ ಬರೆಯಬೇಕಿಲ್ಲ. ಅದೇ ತೂಕದ ಕಲ್ಲುಕೊಡಲಿಯೊಂದನ್ನು ಅವರ ಕೈಗಿತ್ತರೆ ಸಾಕು.