ಆಲ್ಟೋ ಕ್ಲಾರಿನೆಟ್: ಮೇಳದ ನಡುಸ್ಥಾಯಿ

ಕ್ಲಾರಿನೆಟ್ ಕುಟುಂಬದಲ್ಲಿ ಆಲ್ಟೋ ಕ್ಲಾರಿನೆಟ್ಟಿನದು ನಡುವಿನ ಜಾಗ. ಮೇಲೆ ಎಲ್ಲರಿಗೂ ಪರಿಚಿತವಾದ ಬಿ ಫ್ಲಾಟ್ ಕ್ಲಾರಿನೆಟ್, ಕೆಳಗೆ ಬಾಸ್ ಕ್ಲಾರಿನೆಟ್. ಇವೆರಡರ ನಡುವಿನ ಸ್ಥಾಯಿ ಇದರ ಪಾಲು. ಮದುವೆ ಮೆರವಣಿಗೆಯ ಬ್ಯಾಂಡುಗಳಲ್ಲಿ, ರಾಯಚೂರು ಸೀಮೆಯ ಪಂಡಿತ್ ನರಸಿಂಹಲು ವಡವಾಟಿಯವರ ಹಿಂದೂಸ್ತಾನಿ ವಾದನದಲ್ಲಿ ಕನ್ನಡಿಗರು ಕೇಳಿರುವುದು ನೇರ ನಳಿಗೆಯ ಚಿಕ್ಕ ಕ್ಲಾರಿನೆಟ್. ಆಲ್ಟೋ ಅದಕ್ಕಿಂತ ಉದ್ದ. ಕಪ್ಪು ಗ್ರೆನಡಿಲ್ಲಾ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಮೈ, ತುದಿಯಲ್ಲಿ ಬಾಗಿದ ಲೋಹದ ಕುತ್ತಿಗೆ, ಬುಡದಲ್ಲಿ ಸಾಮಾನ್ಯವಾಗಿ ಮೇಲ್ಮುಖವಾಗಿ ತಿರುಗಿದ ಲೋಹದ ಅಗಲ ಬಾಯಿ. ಭಾರ ತಡೆಯಲು ಕೊರಳಪಟ್ಟಿ ಬೇಕು, ಇಲ್ಲವೆ ನೆಲಕ್ಕೆ ಊರುವ ಕಡ್ಡಿ ಬೇಕು.

ಇದರ ಶ್ರುತಿ ಇ ಫ್ಲಾಟ್. ಅಂದರೆ, ಬೆರಳುಗಳ ಯಾವ ಹಿಡಿತಕ್ಕೆ ಬಿ ಫ್ಲಾಟ್ ಕ್ಲಾರಿನೆಟ್ಟಿನಲ್ಲಿ ಷಡ್ಜ ನುಡಿಯುತ್ತದೋ ಅದೇ ಹಿಡಿತಕ್ಕೆ ಆಲ್ಟೋದಲ್ಲಿ ಅದರ ಕೆಳಗಿನ ಸ್ಥಾಯಿಯ ಶುದ್ಧ ಮಧ್ಯಮ ನುಡಿಯುತ್ತದೆ. ಹಾಗಾಗಿ ಒಂದನ್ನು ಕಲಿತವರು ಇನ್ನೊಂದರ ಬೆರಳುಗಾರಿಕೆಯನ್ನು ಹೊಸದಾಗಿ ಕಲಿಯಬೇಕಿಲ್ಲ. ಉಸಿರು ಮತ್ತು ತುಟಿಯ ಮಾತು ಬೇರೆ.

ನ್ಯೂರೆಂಬರ್ಗಿನ ವಾದ್ಯ ತಯಾರಕ ಡೆನರ್ 1700ರ ಆಸುಪಾಸಿನಲ್ಲಿ ಕ್ಲಾರಿನೆಟ್ಟಿಗೆ ರೂಪ ಕೊಟ್ಟ ಸುಮಾರು ನೂರು ವರ್ಷಗಳ ಬಳಿಕ ಆಲ್ಟೋ ಬಂತು. 19ನೇ ಶತಮಾನದ ಆರಂಭದಲ್ಲಿ ವಾದಕ ಇವಾನ್ ಮ್ಯೂಲರ್ ಎಫ್ ಶ್ರುತಿಯ ಆಲ್ಟೋವನ್ನು ಬೆಳೆಸಿ ಬಳಕೆಗೆ ತಂದ. ಮುಂದೆ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ ಅದನ್ನು ಸುಧಾರಿಸಿದ. ಇ ಫ್ಲಾಟ್ ಶ್ರುತಿ ರೂಢಿಯಾಯಿತು. ಮೊಜಾರ್ಟ್ 1791ರ ತನ್ನ ರೆಕ್ವಿಯಂನಲ್ಲಿ ಬಳಸಿದ ಬ್ಯಾಸೆಟ್ ಹಾರ್ನ್ ಇದರ ಹತ್ತಿರದ ನೆಂಟ, ಇದಕ್ಕಿಂತ ಹಳೆಯದು. ಅದರ ಶ್ರುತಿ ಎಫ್, ಒಳನಳಿಗೆ ಸಾಮಾನ್ಯವಾಗಿ ಇನ್ನೂ ಕಿರಿದು.

ಕ್ಲಾರಿನೆಟ್ಟಿನ ಒಳಗುಟ್ಟೆಲ್ಲ ಅದರ ನಳಿಗೆಯ ಆಕಾರದಲ್ಲಿದೆ. ಒಳಗಿನ ಕೊಳವೆ ಬಹುಪಾಲು ಒಂದೇ ಅಗಲ. ರೀಡ್, ಅಂದರೆ ಊದಿದಾಗ ಕಂಪಿಸುವ ತೆಳು ಪಟ್ಟಿ, ಇರುವ ತುದಿ ಧ್ವನಿಯ ಮಟ್ಟಿಗೆ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಇಂಥ ಕೊಳವೆಯಲ್ಲಿ ತರಂಗದ ಉದ್ದ ಕೊಳವೆಯ ನಾಲ್ಕು ಪಟ್ಟು. ಆಲ್ಟೋದ ಅತಿ ಕೆಳಗಿನ ಸ್ವರದ ಕಂಪನಾಂಕ ಸೆಕೆಂಡಿಗೆ ಸುಮಾರು 92. ಎರಡೂ ತುದಿ ತೆರೆದ ಕೊಳಲಿನಲ್ಲಿ ಆ ಸ್ವರ ಬರಬೇಕಾದರೆ 1.8 ಮೀಟರಿಗೂ ಹೆಚ್ಚು ಉದ್ದ ಬೇಕು. ಇಲ್ಲಿ ಅದರ ಅರ್ಧ ಸಾಕು. ಕೊಳಲನ್ನು ಬಿರುಸಾಗಿ ಊದಿದರೆ ಷಡ್ಜ ತಾರ ಷಡ್ಜಕ್ಕೆ ಏರುತ್ತದೆ. ಕ್ಲಾರಿನೆಟ್ಟಿನಲ್ಲಿ ರಿಜಿಸ್ಟರ್ ಕೀ ಒತ್ತಿದರೆ ಅದು ನೇರವಾಗಿ ತಾರ ಪಂಚಮಕ್ಕೆ ಹಾರುತ್ತದೆ, ಕಂಪನಾಂಕ ಮೂರು ಪಟ್ಟಾಗುತ್ತದೆ. ಕೆಳಸ್ಥಾಯಿಯಲ್ಲಿ ಬೆಸ ಸಂಖ್ಯೆಯ ಅನುಸ್ವರಗಳೇ ಪ್ರಬಲವಾಗಿರುವುದರಿಂದ ನಾದಕ್ಕೆ ಒಂದು ಬಗೆಯ ಪೊಳ್ಳಾದ, ಗಾಢವಾದ ಗುಣ ಬರುತ್ತದೆ. ಆಲ್ಟೋದ ನಿಜವಾದ ಚೆಲುವು ಇರುವುದೂ ಅಲ್ಲೇ. ಮೇಲೇರಿದಂತೆ ಅದರ ನಾದ ತೆಳುವಾಗುತ್ತದೆ, ನಡುಭಾಗದ ಕೆಲವು ಸ್ವರಗಳು ಮಂಕಾಗುತ್ತವೆ.

ನುಡಿಸುವಾಗ ಮೌತ್‌ಪೀಸ್ ಬಾಯಿಗೆ ಹೆಚ್ಚು ಅಡ್ಡವಾಗಿ ಬರುತ್ತದೆ, ಸ್ವಲ್ಪ ಹೆಚ್ಚೇ ಒಳಗೆ ಹೋಗುತ್ತದೆ. ತುಟಿಯ ಹಿಡಿತ ಸಡಿಲವಾಗಿರಬೇಕು. ಚಿಕ್ಕ ಕ್ಲಾರಿನೆಟ್ಟಿನಂತೆ ಬಿಗಿಹಿಡಿದರೆ ಸ್ವರ ಕಿರಿದಾಗಿ, ಶ್ರುತಿ ಮೇಲಕ್ಕೆ ಸರಿಯುತ್ತದೆ. ಆಲ್ಟೋ ಸ್ಯಾಕ್ಸೊಫೋನಿನ ರೀಡುಗಳನ್ನೇ ಇದಕ್ಕೆ ಕಟ್ಟುವ ವಾದಕರೂ ಇದ್ದಾರೆ. ಎಡಗೈಯ ತೋರುಬೆರಳಿನ ಕೀಯನ್ನು ಗಮನಿಸಬೇಕು. ಹಲವು ಮಾದರಿಗಳಲ್ಲಿ ಅದರ ನಡುವೆ ಸಣ್ಣ ರಂಧ್ರವಿರುತ್ತದೆ. ಬೆರಳನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿದರೆ ರಂಧ್ರವಷ್ಟೇ ತೆರೆದು ಅತಿ ಮೇಲಿನ ಸ್ವರಗಳು ಸಲೀಸಾಗಿ ಹೊರಡುತ್ತವೆ.

ಬಿ ಫ್ಲಾಟ್ ಕ್ಲಾರಿನೆಟ್ಟಿನ ರಂಧ್ರಗಳನ್ನು ಬೆರಳ ತುದಿಯೇ ಮುಚ್ಚುತ್ತದೆ. ಆಲ್ಟೋದಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ ಪ್ಯಾಡ್ ಅಂಟಿಸಿದ ಕೀಗಳು ಮಾಡುತ್ತವೆ. ಪ್ಯಾಡ್ ಒಣಗಿ ಕೂದಲೆಳೆಯಷ್ಟು ಸಂದಿ ಬಿದ್ದರೂ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ, ಊದಿದರೆ ಕೀರಲು ಸದ್ದು ಹೊರಡುತ್ತದೆ. ರಿಪೇರಿಯವರು ತೆಳು ಕಾಗದದ ಸೀಳೊಂದನ್ನು ಪ್ಯಾಡಿನಡಿ ಇಟ್ಟು, ಕೀ ಒತ್ತಿ, ಕಾಗದವನ್ನು ಮೆಲ್ಲಗೆ ಎಳೆದು ನೋಡುತ್ತಾರೆ. ಸುತ್ತಲೂ ಒಂದೇ ಬಿಗಿ ಸಿಕ್ಕರೆ ಸರಿ, ಒಂದು ಕಡೆ ಜಾರಿದರೆ ಸಂದಿ ಅಲ್ಲಿದೆ. ಈ ವಾದ್ಯಕ್ಕೆ ಅಂಟಿಕೊಂಡ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಸಲ್ಲಬೇಕಾದದ್ದು ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪ್ಯಾಡುಗಳಿಗೆ.

ಉಳಿದ ಪಾಲು ದೊಡ್ಡ ಬ್ಯಾಂಡಿನ ರಚನೆಗೆ. ಅಮೆರಿಕದ ಕನ್ಸರ್ಟ್ ಬ್ಯಾಂಡಿನಲ್ಲಿ ಆಲ್ಟೋ ಕ್ಲಾರಿನೆಟ್ ಸಾಮಾನ್ಯವಾಗಿ ಒಂದೇ ಒಂದು. ಅದೇ ಸ್ಥಾಯಿಯಲ್ಲಿ ಹಾರ್ನ್, ಯುಫೋನಿಯಂ, ಸ್ಯಾಕ್ಸೊಫೋನುಗಳೂ ಇರುತ್ತವೆ. ಆಲ್ಟೋ ಸ್ಯಾಕ್ಸೊಫೋನ್ ಕೂಡ ಇ ಫ್ಲಾಟ್ ವಾದ್ಯವೇ, ಅದನ್ನು ಕಟ್ಟಿದವನೂ ಅದೇ ಅಡಾಲ್ಫ್ ಸ್ಯಾಕ್ಸ್. ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಶಂಕುವಿನಾಕಾರದ ನಳಿಗೆಯ ಆ ವಾದ್ಯದ ಎದುರು ಒಂಟಿ ಕ್ಲಾರಿನೆಟ್ ಕೇಳಿಸುವುದು ಕಷ್ಟ. ಆಲ್ಟೋದ ಪಾಲಿಗೆ ಬರೆದ ಸ್ವರಗಳನ್ನು ಬೇರೆಯವರಿಗೂ ಕೊಡುವ ರೂಢಿ ಬೆಳೆಯಿತು. ಕೊನೆಗೆ ಅದರ ಪಾಲನ್ನೇ ಬರೆಯದ ಕೃತಿಗಳು ಹೆಚ್ಚಿದವು. ಆದರೂ ಸಂಯೋಜಕ ಪರ್ಸಿ ಗ್ರೇಂಜರ್ 1937ರ ತನ್ನ ‘ಲಿಂಕನ್‌ಷೈರ್ ಪೋಸಿ’ಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾನೆ.

ಕ್ಲಾರಿನೆಟ್ಟುಗಳೇ ತುಂಬಿದ ಮೇಳದಲ್ಲಿ ಚಿತ್ರ ಬದಲಾಗುತ್ತದೆ. ಬ್ರಸೆಲ್ಸ್ ಕನ್ಸರ್ವೇಟರಿಯ ಗುಸ್ತಾವ್ ಪೋನ್ಸೆಲೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಂಥ ಮೇಳವೊಂದನ್ನು ನಡೆಸಿದ್ದ. ತಂತಿವಾದ್ಯಗಳ ಮೇಳದಲ್ಲಿ ವಿಯೋಲ ಮಾಡುವ ಕೆಲಸ ಇಲ್ಲಿ ಆಲ್ಟೋದ್ದು: ಮೇಲಿನ ರಾಗಕ್ಕೂ ಬಾಸ್‌ಗೂ ನಡುವಿನ ಅಂತರವನ್ನು ತುಂಬುವುದು, ಸ್ವರಮೇಳಕ್ಕೆ ಮೈ ಕೊಡುವುದು, ಆಗಾಗ ತಾನೇ ರಾಗವನ್ನು ಎತ್ತಿಕೊಳ್ಳುವುದು. ಅದನ್ನು ತೆಗೆದು ಬಿ ಫ್ಲಾಟ್ ಒಂದನ್ನು ಕೂರಿಸಿದರೆ ಕೆಳಗಿನ ಕೆಲವು ಸ್ವರಗಳು ಸಿಗುವುದೇ ಇಲ್ಲ, ಸಿಕ್ಕವೂ ಅದೇ ಬಣ್ಣದಲ್ಲಿ ಬರುವುದಿಲ್ಲ. ಜಾಜ್‌ನಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನಿನ ಹ್ಯಾಮಿಯೆಟ್ ಬ್ಲೂಯೆಟ್ ಆಲ್ಟೋ ಕ್ಲಾರಿನೆಟ್ಟನ್ನೂ ನುಡಿಸಿ ಅದಕ್ಕೊಂದು ಒಂಟಿದನಿ ಇದೆಯೆಂದು ತೋರಿಸಿದ.

ಈ ವಾದ್ಯವನ್ನು ಮೊದಲ ಸಲ ಕೇಳುವವರು ದೊಡ್ಡ ಬ್ಯಾಂಡಿನಿಂದ ಆರಂಭಿಸಬಾರದು. ಸ್ಟ್ರಾವಿನ್‌ಸ್ಕಿ 1964ರಲ್ಲಿ ಕೆನಡಿಯವರ ನೆನಪಿಗೆ ರಚಿಸಿದ ‘ಎಲೆಜಿ ಫಾರ್ ಜೆ.ಎಫ್.ಕೆ.’ ಎಂಬ ಪುಟ್ಟ ಕೃತಿಯಲ್ಲಿ ಇರುವುದು ಒಂದು ಕಂಠ, ಮೂರು ಕ್ಲಾರಿನೆಟ್ಟುಗಳು ಮಾತ್ರ. ಅವುಗಳಲ್ಲಿ ಎರಡು ಬಿ ಫ್ಲಾಟ್, ಮೂರನೆಯದು ಆಲ್ಟೋ. ಮರೆಮಾಡುವ ಬೇರೆ ವಾದ್ಯವಿಲ್ಲದ ಕಾರಣ ಮೂರರ ದನಿಯನ್ನೂ ಬಿಡಿಬಿಡಿಯಾಗಿ ಹಿಂಬಾಲಿಸಬಹುದು.