ಜೋಗಿಮಟ್ಟಿಯ ಕೊಂಡುಕುರಿ

ಚಿತ್ರದುರ್ಗದ ಜೋಗಿಮಟ್ಟಿಗೆ ಹೋದವರು ಗಾಳಿಯಂತ್ರ, ಮೋಡ, ನವಿಲು ನೋಡಿ ಬರುತ್ತಾರೆ. ಅದೇ ಇಳಿಜಾರಿನ ಹುಲ್ಲಿನಲ್ಲಿ ಅಡಗಿರುವ ಕೊಂಡುಕುರಿಯನ್ನು ಕಂಡವರು ತೀರ ಕಡಿಮೆ.

ಕೊಂಡುಕುರಿ ಕುರಿಯೂ ಅಲ್ಲ, ಜಿಂಕೆಯೂ ಅಲ್ಲ. ಕೃಷ್ಣಮೃಗದಂತೆ ಹುಲ್ಲೆಗಳ ಗುಂಪಿಗೆ ಸೇರಿದ್ದು. ತೂಕ ಸುಮಾರು 20 ಕಿಲೋ. ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು: ಕಿವಿಗಳ ನಡುವೆ ಒಂದು ಜೋಡಿ, ಹಣೆಯ ಮೇಲೆ ಇನ್ನೊಂದು ಗಿಡ್ಡ ಜೋಡಿ. ಕಡವೆಯ ಕೊಂಬಿನ ಹಾಗೆ ಇವು ಉದುರುವುದಿಲ್ಲ. ಭಾರತ, ನೇಪಾಳ ಬಿಟ್ಟರೆ ಇದು ಬೇರೆಲ್ಲಿಯೂ ಇಲ್ಲ.

ಹಿಂಡು ಕಟ್ಟುವ ಪ್ರಾಣಿಯಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಇರುತ್ತದೆ. ಅಪಾಯದ ಸುಳಿವು ಸಿಕ್ಕರೆ ಹುಲ್ಲಿನಲ್ಲಿ ಅಲ್ಲಾಡದೆ ಉಳಿದು, ತೀರ ಹತ್ತಿರವಾದಾಗ ಚಂಗನೆ ಹಾರಿ ಓಡುತ್ತದೆ. ಹಿಕ್ಕೆ ಹಾಕುವುದು ಮತ್ತೆ ಮತ್ತೆ ಅದೇ ಜಾಗದಲ್ಲಿ. ಹಾಗಾಗಿ ಪ್ರಾಣಿ ಕಾಣದಿದ್ದರೂ ಹಿಕ್ಕೆಯ ಗುಡ್ಡೆ ಅದರ ಇರವನ್ನು ಹೇಳುತ್ತದೆ. ಚಿಗುರು, ಹೂವು, ಉದುರಿದ ಹಣ್ಣು ಇದರ ಮೇವು. ನೀರು ಮಾತ್ರ ದೂರ ಇರಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಇದರ ಕಷ್ಟ ಎಷ್ಟೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಹಿರಿಯೂರು, ಹೊಳಲ್ಕೆರೆ ಕಡೆಗೂ ಚಾಚಿದ ಈ ಗುಡ್ಡಸಾಲಿನ ಸುಮಾರು 100 ಚದರ ಕಿಲೋಮೀಟರ್ 2015ರಲ್ಲಿ ಜೋಗಿಮಟ್ಟಿ ವನ್ಯಜೀವಿಧಾಮವಾಯಿತು. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಯ ಹೆಸರಿನಲ್ಲೇ ಧಾಮವಿದೆ. ಹೊಸದುರ್ಗ, ಹಿರಿಯೂರಿನ ತೆಂಕಣಕ್ಕೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಇನ್ನೊಂದು ಹುಲ್ಲೆಯಾದ ಚಿಂಕಾರಾಗಾಗಿ 2019ರಲ್ಲಿ ಧಾಮವಾಯಿತು. ಮಳೆ ಕಡಿಮೆಯ ಕುರುಚಲು ಕಾಡನ್ನು ಪಾಳುಭೂಮಿ ಎಂದು ಲೆಕ್ಕ ಹಾಕುವ ಹಳೆಯ ಚಾಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೆ ಗಡಿ ಗುರುತಿಸಿದರೆ ಸಾಲದು. ಕೊಂಡುಕುರಿಯ ಮರಿಗೆ ಎತ್ತರದ ಹುಲ್ಲೇ ಮರೆ. ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಹಚ್ಚುವ ಬೆಂಕಿ ಆ ಮರೆಯನ್ನೇ ಸುಡುತ್ತದೆ. ಬಯಲಾದ ಪ್ರಾಣಿಯನ್ನು ಊರನಾಯಿಗಳು ಅಟ್ಟಿಸಿಕೊಂಡು ಹೋಗುತ್ತವೆ. ಕುರಿಗಾಹಿಗಳನ್ನು ಬೈದು ಇದು ಬಗೆಹರಿಯದು. ಅವರಿಗೆ ಕಾಡಿನ ಹೊರಗೆ ಮೇವು ಸಿಗಬೇಕು, ಬೆಂಕಿ ಕಾಯುವ ಕೆಲಸದಲ್ಲಿ ಅವರನ್ನೂ ಸೇರಿಸಿಕೊಳ್ಳಬೇಕು. ಜೋಗಿಮಟ್ಟಿ ನೋಡಲು ಬರುವವರೇ, ಗುಡ್ಡದಲ್ಲಿ ಬೆಂಕಿಕಡ್ಡಿ ಗೀರಬೇಡಿ, ಜೊತೆಗೆ ನಾಯಿ ತರಬೇಡಿ.