ಫರ್ನೇಸಿನ ಇಗ್ನೈಟರ್ ಕೆಟ್ಟಾಗ

ಅಮೆರಿಕ, ಕೆನಡಾಗಳ ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸುಗಳಲ್ಲಿ ಈಗ ಸದಾ ಉರಿಯುವ ಪೈಲಟ್ ಜ್ವಾಲೆ ಅಪರೂಪ. ಸಿಲಿಕಾನ್ ಕಾರ್ಬೈಡ್ ಅಥವಾ ನೈಟ್ರೈಡಿನ ಪುಟ್ಟ ಇಗ್ನೈಟರ್ ವಿದ್ಯುತ್ತಿನಿಂದ ಕೆಂಪಗೆ ಕಾದು ಗ್ಯಾಸಿಗೆ ಬೆಂಕಿ ಹೊತ್ತಿಸುತ್ತದೆ. ಹೊಗೆ ಹೊರದೂಡುವ ಫ್ಯಾನ್ ತಿರುಗಿದರೂ ಇಗ್ನೈಟರ್ ಕೆಂಪಾಗದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ.

ಪರೀಕ್ಷೆಗೆ ಮುನ್ನ ವಿದ್ಯುತ್ತನ್ನೂ ಗ್ಯಾಸನ್ನೂ ನಿಲ್ಲಿಸಲೇಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಪ್ಲಗ್ ಬಿಚ್ಚಿ ಮಲ್ಟಿಮೀಟರಿನಲ್ಲಿ ರೋಧ ಅಳೆಯಬೇಕು. ತಣ್ಣಗಿರುವ ಕಾರ್ಬೈಡ್ ಇಗ್ನೈಟರ್ ಸಾಮಾನ್ಯವಾಗಿ 40ರಿಂದ 90 ಓಮ್ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ಬಿರುಕು ಬಿಟ್ಟಿದೆ ಎಂದರ್ಥ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕೂ ಸಾಕು. ರೋಧ ಸರಿಯಿದ್ದರೆ ದೋಷ ಪ್ರೆಶರ್ ಸ್ವಿಚ್ಚಿನಲ್ಲೋ ನಿಯಂತ್ರಣ ಬೋರ್ಡಿನಲ್ಲೋ ಇರಬಹುದು.

ಬದಲಿಸುವುದು ಒಂದೆರಡು ಸ್ಕ್ರೂಗಳ ಕೆಲಸ. ಹೊಸದು ಅದೇ ಮಾದರಿಗೆ ಹೊಂದಬೇಕು. ಅದನ್ನು ಪಿಂಗಾಣಿ ಬುಡದಲ್ಲಿ ಮಾತ್ರ ಹಿಡಿಯಬೇಕು. ಬೆರಳಿನ ಎಣ್ಣೆಯಂಶ ತಾಗಿದ ಕಡೆ ಅತಿಯಾಗಿ ಕಾದು ಒಡೆಯುತ್ತದೆ. ಗ್ಯಾಸಿನ ವಾಸನೆ ಬಂದರೆ ಕೂಡಲೇ ಮನೆಯಿಂದ ಹೊರಬಂದು ಗ್ಯಾಸ್ ಕಂಪನಿಗೆ ಕರೆ ಮಾಡಬೇಕು.